ಹೆಗಲಲ್ಲಿ ಬಂದೂಕು, ಮನೆಯಲ್ಲಿ ಚಿಕ್ಕ ಮಕ್ಕಳು: ಕಲಬುರಗಿಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಯಜಮಾನರು ಸೇನೆಯಿಂದ ನಿವೃತ್ತರಾದ ಮೇಲೆ ಕಲಬುರಗಿಯ ಬ್ಯಾಂಕ್ ಶಾಖೆಯೊಂದರಲ್ಲಿ ಗನ್‌ಮ್ಯಾನ್ ಆಗಿದ್ದಾರೆ. ಬಂದೂಕು ಅವರದೇ, ಪರವಾನಗಿಯೂ ಅವರ ಹೆಸರಿನಲ್ಲೇ ಇದೆ. ಹನ್ನೆರಡು ಬೋರಿನ ಡಬಲ್ ಬ್ಯಾರಲ್. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಬೆಳಿಗ್ಗೆ ಬಂದೂಕನ್ನು ಹೆಗಲಿಗೆ ಹಾಕಿಕೊಂಡೇ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಸಂಜೆ ಬಂದು ಅದನ್ನು ಅಲ್ಮಾರಿಯ ಮೇಲೆ ಇಡುತ್ತಾರೆ. ಕಾಡತೂಸುಗಳು ಅದೇ ಅಲ್ಮಾರಿಯೊಳಗೆ ಬಟ್ಟೆಯ ಕೆಳಗಿರುತ್ತವೆ. ನಾನು ಏನಾದರೂ ಅಂದರೆ, ‘ಖಾಲಿ ಅದ, ಏನೂ ಆಗಂಗಿಲ್ಲ, ಫೌಜಿನ್ಯಾಗ ಇದನ್ನೇ ಹಿಡಕೊಂಡು ಬಂದೀನಿ’ ಎನ್ನುತ್ತಾರೆ. ಸೂಟಿಗೆ ಚಿಂಚೋಳಿ ತಾಲ್ಲೂಕಿನ ಊರಿಗೆ ಹೋದಾಗ ಬಂದೂಕೂ ಜೊತೆಗೆ ಬರುತ್ತದೆ. ಅಲ್ಲಿ ಹಂದಿ ಕಾಟವೆಂದು ಮಾವನವರು ರಾತ್ರಿ ತೊಗರಿ ಹೊಲಕ್ಕೆ ಅದನ್ನು ಒಯ್ಯುತ್ತಾರೆ. ಮೊನ್ನೆ ಮಗ ಕುರ್ಚಿ ಹತ್ತಿ ಅಲ್ಮಾರಿಯ ಮೇಲಿಂದ ಬಂದೂಕಿನ ಪಟ್ಟಿಯನ್ನು ಎಳೆಯುತ್ತಿದ್ದುದನ್ನು ಕಂಡಾಗಿನಿಂದ ನನಗೆ ನಿದ್ದೆ ಇಲ್ಲ. ಈ ಕೆಲಸವೇ ನಮ್ಮ ಹೊಟ್ಟೆಪಾಡು, ಬಿಡಲು ಆಗುವುದಿಲ್ಲ. ಏನು ಮಾಡಬೇಕು?

ಉತ್ತರ: ಸಹೋದರಿ, ನಿಮ್ಮ ಭಯ ಅತಿಯಾದದ್ದಲ್ಲ. ನಿಮ್ಮ ಯಜಮಾನರು ಆಡುವ ಮಾತೂ ಸುಳ್ಳಲ್ಲ. ವರ್ಷಗಟ್ಟಲೆ ಆಯುಧ ಹಿಡಿದು ಒಂದೇ ಒಂದು ಅಪಘಾತ ಮಾಡಿಕೊಳ್ಳದ ಸೈನಿಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆಯುಧಾಗಾರದಲ್ಲಿ ಆರ್ಮರರ್ ಆಗಿ ದುಡಿದವನು ನಾನು. ಬಂದೂಕುಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ, ಎಣಿಸಿ ಇಡುವುದೇ ನನ್ನ ಉದ್ಯೋಗವಾಗಿತ್ತು. ಆ ಅನುಭವದಿಂದ ಹೇಳುವುದಾದರೆ, ಫೌಜಿನಲ್ಲಿ ಆಯುಧ ಸುರಕ್ಷಿತವಾಗಿರುವುದಕ್ಕೆ ಸೈನಿಕನ ಪಳಗಿದ ಕೈ ಎಷ್ಟು ಕಾರಣವೋ ಅದಕ್ಕಿಂತ ಹೆಚ್ಚಿನ ಕಾರಣ ಅಲ್ಲಿರುವ ಕೋತ್. ಇದನ್ನು ನಿಮ್ಮ ಯಜಮಾನರಿಗೆ ನೆನಪಿಸಿದರೆ ಅವರು ಒಪ್ಪದೇ ಇರಲಾರರು.

ಕೋತ್ ಎಂದರೆ ಏನೆಂದು ಅವರಿಗೆ ಹೇಳಬೇಕಾಗಿಲ್ಲ, ನಿಮಗಾಗಿ ಬರೆಯುತ್ತೇನೆ. ಅದು ಆಯುಧಗಳನ್ನು ಇಡುವ ಬೀಗದ ಕೋಣೆ. ಅಲ್ಲಿ ರೈಫಲುಗಳು ಸರಪಳಿ ಹಾಕಿದ ರ‍್ಯಾಕಿನಲ್ಲಿರುತ್ತವೆ, ಗುಂಡುಗಳು ಬೇರೆಯಾಗಿ ಬೀಗದೊಳಗಿರುತ್ತವೆ, ಬಾಗಿಲಲ್ಲಿ ಪಹರೆ ಇರುತ್ತದೆ. ಆಯುಧ ಹೊರಗೆ ಹೋದರೆ ರಿಜಿಸ್ಟರಿನಲ್ಲಿ ಸಹಿ, ಒಳಗೆ ಬಂದರೆ ಮತ್ತೆ ಸಹಿ. ಒಪ್ಪಿಸುವ ಮುನ್ನ ‘ಜಾಂಚ್ ಶಸ್ತ್ರ’ ಎಂಬ ಆಜ್ಞೆಗೆ ಚೇಂಬರು, ಅಂದರೆ ಗುಂಡು ಕೂರುವ ಜಾಗ, ತೆರೆದು ತೋರಿಸಬೇಕು, ಮತ್ತೊಬ್ಬರು ಕಣ್ಣಿಟ್ಟು ನೋಡಬೇಕು. ಸೈನಿಕ ಎಷ್ಟೇ ಹಳಬನಾದರೂ ಆತನ ಮಾತಿನ ಮೇಲೆ ಯಾರೂ ಆಯುಧವನ್ನು ಖಾಲಿ ಎಂದು ನಂಬುವುದಿಲ್ಲ, ಮತ್ತು ಮಕ್ಕಳು ಓಡಾಡುವ ಜಾಗದಲ್ಲಿ ಅದು ಒಂದು ಗಳಿಗೆಯೂ ಇರುವುದಿಲ್ಲ. ನಿಮ್ಮ ಮನೆಗೆ ಬಂದೂಕು ಬಂದಿದೆ, ಕೋತ್ ಬಂದಿಲ್ಲ. ನಿಮ್ಮ ಯಜಮಾನರ ಶಿಸ್ತಿನ ಅರ್ಧ ಭಾಗ ಬ್ಯಾರಕ್ಕಿನಲ್ಲೇ ಉಳಿದುಹೋಗಿದೆ; ಅದನ್ನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ.

ಮೊದಲು ‘ಖಾಲಿ ಅದ’ ಎಂಬ ಮಾತನ್ನು ನೋಡೋಣ. ಡಬಲ್ ಬ್ಯಾರಲ್ ಬಂದೂಕನ್ನು ಮುಚ್ಚಿದ ಮೇಲೆ ಅದರೊಳಗೆ ಕಾಡತೂಸು ಇದೆಯೋ ಇಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಸನ್ನೆಯನ್ನು ಪಕ್ಕಕ್ಕೆ ಒತ್ತಿ ನಳಿಕೆಗಳನ್ನು ಬಗ್ಗಿಸಿ, ಎರಡೂ ಚೇಂಬರುಗಳನ್ನು ಬೆಳಕಿಗೆ ಹಿಡಿದು ನೋಡಿ, ಕಿರುಬೆರಳನ್ನು ಒಳಗಿಟ್ಟು ಮುಟ್ಟಿದಾಗ ಮಾತ್ರ ಅದು ಖಾಲಿ. ಅದೂ ಆ ಕ್ಷಣಕ್ಕೆ ಮಾತ್ರ. ಕೈಬಿಟ್ಟು ಹೋಗಿ ಮತ್ತೆ ಬಂದರೆ ಮತ್ತೆ ನೋಡಲೇಬೇಕು. ಈಗಿನ ಬಂದೂಕುಗಳಲ್ಲಿ ಬಹುಪಾಲಿಗೆ ಕುಟ್ಟುವ ಸುತ್ತಿಗೆ ಒಳಗೇ ಅಡಗಿರುತ್ತದೆ. ನಳಿಕೆಯನ್ನು ಬಗ್ಗಿಸಿ ಮುಚ್ಚಿದೊಡನೆ ಎರಡು ಸ್ಪ್ರಿಂಗುಗಳೂ ಬಿಗಿದು ಸಿದ್ಧವಾಗಿ ನಿಲ್ಲುತ್ತವೆ. ಹಿಡಿಕೆಯ ಮೇಲಿರುವ ಸೇಫ್ಟಿ ಕ್ಯಾಚ್ ಹೆಚ್ಚಿನ ಬಂದೂಕುಗಳಲ್ಲಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಸುತ್ತಿಗೆಯನ್ನಲ್ಲ. ಅದನ್ನು ತಡೆದು ನಿಲ್ಲಿಸಿರುವುದು ಸಿಯರ್ ಎಂಬ ಸಣ್ಣ ಉಕ್ಕಿನ ಚೂರಿನ ಅಂಚು. ಪರಿಶೀಲನೆಗೆ ಬಂದ ಹಳೆಯ ಬಂದೂಕುಗಳಲ್ಲಿ ಆ ಅಂಚು ಉಜ್ಜಿ ಉಜ್ಜಿ ದುಂಡಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಥ ಬಂದೂಕಿನಲ್ಲಿ ಕಾಡತೂಸಿದ್ದು, ಅದು ಅಲ್ಮಾರಿಯ ಮೇಲಿಂದ ಕಲ್ಲುಹಾಸಿನ ಮೇಲೆ ಬಿದ್ದರೆ, ಯಾರೂ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ನಿಮ್ಮ ಮಗ ಕೆಳಗಿನಿಂದ ಪಟ್ಟಿ ಎಳೆಯುತ್ತಿದ್ದನಲ್ಲ, ಆ ಹೊತ್ತಿನಲ್ಲಿ ಬಂದೂಕಿನ ಬಾಯಿ ಯಾವ ಕಡೆಗಿತ್ತು ಎಂಬುದನ್ನು ಒಮ್ಮೆ ನಿಮ್ಮ ಯಜಮಾನರು ಅಲ್ಮಾರಿಯ ಮುಂದೆ ನಿಂತು ನೋಡಲಿ. ಗುಂಡಿನ ಮಾತು ಬಿಡಿ, ಸುಮಾರು ಮೂರು ಕಿಲೋ ತೂಕದ ಉಕ್ಕು ಮತ್ತು ಕಟ್ಟಿಗೆ ಮಗುವಿನ ತಲೆಯ ಮೇಲೆ ಬೀಳುವುದೇ ಸಣ್ಣ ವಿಷಯವಲ್ಲ.

ಎರಡನೆಯ ನಂಬಿಕೆಯನ್ನು ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವುದರಿಂದ ಹೇಳುತ್ತೇನೆ: ಸಣ್ಣ ಮಗುವಿಗೆ ಟ್ರಿಗರ್ ಎಳೆಯುವ ಶಕ್ತಿ ಎಲ್ಲಿಂದ ಬರಬೇಕು ಎಂಬುದು. ಶಕ್ತಿ ಇದೆ. 1995ರಲ್ಲಿ ಅಮೆರಿಕದ ವೈದ್ಯರು ಮಕ್ಕಳ ಬೆರಳುಗಳ ಬಲವನ್ನು ಅಳೆದು ನೋಡಿ ಪ್ರಕಟಿಸಿದರು. ಎರಡು ಬೆರಳು ಬಳಸಿ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಬಲದಿಂದ ಟ್ರಿಗರ್ ಎಳೆಯುವ ಸಾಮರ್ಥ್ಯ ಮೂರು–ನಾಲ್ಕು ವರ್ಷದವರಲ್ಲಿ ಶೇಕಡ 25ರಷ್ಟು ಮಕ್ಕಳಿಗೆ, ಐದು–ಆರು ವರ್ಷದವರಲ್ಲಿ ಶೇಕಡ 70ರಷ್ಟು ಮಕ್ಕಳಿಗೆ, ಏಳು–ಎಂಟು ವರ್ಷದವರಲ್ಲಿ ಶೇಕಡ 90ರಷ್ಟು ಮಕ್ಕಳಿಗೆ ಇತ್ತು. ಅದು ಪಿಸ್ತೂಲುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ. ಹನ್ನೆರಡು ಬೋರಿನ ಬಂದೂಕಿನ ಟ್ರಿಗರಿಗೆ ಸಾಮಾನ್ಯವಾಗಿ ಬೇಕಾಗುವುದು ಇದರ ಅರ್ಧದಷ್ಟು ಬಲ ಮಾತ್ರ. ಜೊತೆಗೆ, ಮಗು ನಮ್ಮ ಹಾಗೆ ಬಂದೂಕು ಹಿಡಿಯುವುದಿಲ್ಲ. ಹಿಡಿಕೆಯನ್ನು ನೆಲಕ್ಕೆ ಊರಿ, ಬಾಯಿಯನ್ನು ತನ್ನ ಮುಖದ ಕಡೆಗೆ ತಿರುಗಿಸಿಕೊಂಡು, ಎರಡೂ ಹೆಬ್ಬೆರಳುಗಳಿಂದ ಟ್ರಿಗರನ್ನು ಒತ್ತುತ್ತದೆ. ಎಳೆಯುವುದಕ್ಕಿಂತ ಒತ್ತುವುದು ಸುಲಭ.

ಇನ್ನು ಹೇಳಿ ಬೆದರಿಸಿಟ್ಟಿದ್ದೇವೆ, ಮುಟ್ಟುವುದಿಲ್ಲ ಎಂಬ ಭರವಸೆ. 2001ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಎರಡು ಮೂರು ಜನರ ಗುಂಪು ಮಾಡಿ ಕೋಣೆಯೊಂದರಲ್ಲಿ ಬಿಟ್ಟು, ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲನ್ನು ಡ್ರಾಯರಿನಲ್ಲಿ ಇಟ್ಟಿದ್ದರು. ಪಿಸ್ತೂಲು ಕಂಡ 21 ಗುಂಪುಗಳಲ್ಲಿ 16 ಗುಂಪಿನವರು ಅದನ್ನು ಕೈಗೆತ್ತಿಕೊಂಡರು, 10 ಗುಂಪುಗಳಲ್ಲಿ ಒಬ್ಬನಾದರೂ ಟ್ರಿಗರ್ ಎಳೆದ. ಕೈಗೆತ್ತಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಬಂದೂಕು ಮುಟ್ಟಬಾರದೆಂಬ ಪಾಠ ಮೊದಲೇ ಆಗಿತ್ತು. ಕಂಡವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಅದು ಆಟಿಕೆಯೆಂದು ತಿಳಿದಿದ್ದರು, ಇಲ್ಲವೇ ನಿಜವೋ ಆಟಿಕೆಯೋ ಎಂಬ ಅನುಮಾನದಲ್ಲಿದ್ದರು. ನಮ್ಮಲ್ಲಿಯೂ ಹೀಗೆಯೇ. ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಂದೂಕು, ದೀಪಾವಳಿಯ ರೀಲು ಪಟಾಕಿಯ ಪಿಸ್ತೂಲು, ಅಪ್ಪನ ಡಬಲ್ ಬ್ಯಾರಲ್ ಇವುಗಳ ನಡುವಿನ ಗೆರೆ ಏಳು ವರ್ಷದ ಹುಡುಗನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದಿಲ್ಲ. ಅಪ್ಪ ದಿನವೂ ಹೊರುವ ವಸ್ತುವನ್ನು ತಾನೂ ಹೊರಬೇಕೆಂಬ ಆಸೆ ಅವನಿಗೆ ಇರುವುದು ಅವನ ತಪ್ಪೂ ಅಲ್ಲ, ಆದ್ದರಿಂದ ಮೊನ್ನೆಯ ವಿಷಯಕ್ಕೆ ಅವನನ್ನು ಹೊಡೆಯಬೇಡಿ. ಮಕ್ಕಳಿಗೆ ತಿಳಿಹೇಳುವುದು ಬೇಕು. ಆದರೆ ಅದು ಬೀಗದ ಹೊರಗಿನ ಎರಡನೆಯ ಗೋಡೆಯಷ್ಟೇ, ಬೀಗಕ್ಕೆ ಬದಲಿಯಲ್ಲ. ಬಚ್ಚಿಡುವುದೂ ಬದಲಿಯಲ್ಲ. ಬಟ್ಟೆಯ ಕೆಳಗೆ ಏನಿದೆಯೆಂದು ನಿಮ್ಮ ಮಕ್ಕಳಿಗೆ ಗೊತ್ತಿಲ್ಲವೆಂದು ನೀವು ಅಂದುಕೊಂಡಿದ್ದರೆ, ಬಹುಶಃ ಅವರಿಗೆ ಗೊತ್ತಿದೆ.

ಈಗ ಹೊತ್ತೊಯ್ಯುವ ವಿಷಯ. ಇದರಲ್ಲಿ ರಾಜಿ ಬೇಡವೆಂದೇ ನನ್ನ ಅಭಿಪ್ರಾಯ: ಬಂದೂಕು ಇರುವ ಬೈಕಿನಲ್ಲಿ ಮಗು ಇರಬಾರದು. ಹೆಗಲಿಗೆ ಅಡ್ಡಲಾಗಿ ಹಾಕಿದ ಬಂದೂಕಿನ ಹಿಡಿಕೆ ಹಿಂದೆ ಕುಳಿತ ಹುಡುಗನ ಎದೆಯ ಎತ್ತರಕ್ಕೆ ಬರುತ್ತದೆ. ಗುಂಡಿ ಬಂದಾಗ ಅವನು ಹಿಡಿದುಕೊಳ್ಳುವುದು ಅದನ್ನೇ, ಅವನ ಬೆರಳು ತಲುಪುವ ಜಾಗದಲ್ಲೇ ಟ್ರಿಗರ್ ಇರುತ್ತದೆ. ಬೈಕು ಜಾರಿದರೆ ಮಗುವನ್ನು ಹಿಡಿಯಬೇಕೋ ಬಂದೂಕನ್ನು ಹಿಡಿಯಬೇಕೋ ಎಂದು ಯೋಚಿಸಲು ಸಮಯ ಸಿಗುವುದಿಲ್ಲ. ದಾರಿಯಲ್ಲಿ ಪೆನ್ನು ಕೊಳ್ಳಲೆಂದೋ ಪೆಟ್ರೋಲ್ ಹಾಕಿಸಲೆಂದೋ ನಿಂತಾಗ ‘ಇದನ್ನ ಒಂದು ನಿಮಿಷ ಹಿಡಿ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಶಾಲೆಯ ಗೇಟಿನ ಮುಂದೆ ನೂರಾರು ಮಕ್ಕಳ ಗುಂಪಿನಲ್ಲಿ ಆಯುಧದೊಂದಿಗೆ ನಿಲ್ಲುವುದು ಇನ್ನೂ ಬೇರೆಯ ಅಪಾಯ. ಮಗನನ್ನು ನೀವು ನಡೆಸಿಕೊಂಡು ಹೋಗಿ, ಇಲ್ಲವೇ ಶಾಲೆಯ ಆಟೊ ಗೊತ್ತುಮಾಡಿ. ಅದಾಗದಿದ್ದರೆ ಯಜಮಾನರು ಮೊದಲು ಮಗನನ್ನು ಬಿಟ್ಟು ಬಂದು, ಆಮೇಲೆ ಬೀಗ ತೆರೆದು ಬಂದೂಕು ತೆಗೆದುಕೊಂಡು ಹೊರಡಲಿ. ಸ್ವಲ್ಪ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ಅಷ್ಟೇ.

ಒಬ್ಬರೇ ಹೋಗುವಾಗಲೂ ಬಂದೂಕನ್ನು ಬಯಲಾಗಿ ಹೆಗಲಿಗೇರಿಸುವುದು ಸರಿಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಅದಕ್ಕೆ ತಕ್ಕ ಚೀಲದಲ್ಲೋ ಹೋಲ್‌ಸ್ಟರಿನಲ್ಲೋ ಒಯ್ಯಬೇಕೆಂಬುದು 2016ರ ಆಯುಧ ನಿಯಮಗಳ ಆಶಯ. ಡಬಲ್ ಬ್ಯಾರಲ್‌ನಲ್ಲಿ ಒಂದು ಅನುಕೂಲವಿದೆ: ನಳಿಕೆಯ ಕೆಳಗಿನ ಮರದ ಮುಂಗೈ ಭಾಗವನ್ನು ಕಳಚಿದರೆ ನಳಿಕೆಗಳು ಹಿಡಿಕೆಯಿಂದ ಬೇರೆಯಾಗುತ್ತವೆ. ಅಭ್ಯಾಸವಿದ್ದವರಿಗೆ ಇದು ಅರ್ಧ ನಿಮಿಷದ ಕೆಲಸ. ಮೂರು ಭಾಗಗಳನ್ನೂ ಜಿಪ್ ಇರುವ ಗಟ್ಟಿ ಚೀಲಕ್ಕೆ ಹಾಕಿ, ಕಾಡತೂಸುಗಳನ್ನು ಬೇರೆ ಪೌಚಿನಲ್ಲಿ ಮೈಮೇಲೆ ಇಟ್ಟುಕೊಂಡು ಹೋಗಬೇಕು. ತುಂಬುವುದು ಬ್ಯಾಂಕಿನಲ್ಲಿ ಕೆಲಸಕ್ಕೆ ನಿಂತ ಮೇಲೆ, ಖಾಲಿ ಮಾಡುವುದು ಬ್ಯಾಂಕಿನಿಂದ ಹೊರಡುವ ಮುಂಚೆ. ಶಾಖೆಯ ಹಿತ್ತಲಲ್ಲಿ ಮರಳು ತುಂಬಿದ ಬಕೆಟ್ಟೊಂದನ್ನು ಇಡಿಸಿಕೊಂಡು, ಬಾಯಿಯನ್ನು ಅದರ ಕಡೆಗೆ ಹಿಡಿದು, ಕಾಡತೂಸು ತೆಗೆದು, ಎಣಿಸಿ, ಚೇಂಬರು ನೋಡಿ ಮುಟ್ಟಿ, ಆಮೇಲೆ ಕಳಚಿ ಚೀಲಕ್ಕೆ ಹಾಕಲಿ. ನಿಮ್ಮ ಮನೆಯ ಹೊಸ್ತಿಲು ದಾಟಿ ತುಂಬಿದ ಬಂದೂಕು ಒಳಗೆ ಬರಲೇಬಾರದು.

ಮನೆಗೆ ಬಂದ ಮೊದಲ ಎರಡು ನಿಮಿಷಗಳೇ ನನ್ನ ಪ್ರಕಾರ ದಿನದ ಅತ್ಯಂತ ಕೆಟ್ಟ ಗಳಿಗೆ. ಹತ್ತು ತಾಸು ನಿಂತು ದಣಿದ ಮನುಷ್ಯ ಬಾಗಿಲಿಗೆ ಬರುತ್ತಾನೆ, ಮಗಳು ‘ಅಪ್ಪಾ’ ಎಂದು ಕಾಲಿಗೆ ಸುತ್ತಿಕೊಳ್ಳುತ್ತಾಳೆ, ಚೀಲವನ್ನು ಮಂಚದ ಮೇಲಿಟ್ಟು ಅವಳನ್ನು ಎತ್ತಿಕೊಳ್ಳುತ್ತಾನೆ, ಅಷ್ಟರಲ್ಲಿ ನೀವು ನೀರು ಕೊಡುತ್ತೀರಿ, ಫೋನ್ ಬರುತ್ತದೆ. ಚೀಲ ರಾತ್ರಿಯವರೆಗೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಬೈಕು ನಿಲ್ಲಿಸಿದವರು ನೇರವಾಗಿ ಬಂದೂಕಿನ ಪೆಟ್ಟಿಗೆಯ ಬಳಿಗೆ ಹೋಗಿ, ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿ, ಕೈ ತೊಳೆದುಕೊಂಡ ಮೇಲೆಯೇ ಮಕ್ಕಳನ್ನು ಮುಟ್ಟಬೇಕೆಂದು ಇಬ್ಬರೂ ಗೊತ್ತುಮಾಡಿಕೊಳ್ಳಿ. ಆ ಎರಡು ನಿಮಿಷ ಮಕ್ಕಳನ್ನು ತಡೆದು ನಿಲ್ಲಿಸುವ ಹೊಣೆ ನಿಮ್ಮದು. ಕೈ ತೊಳೆಯುವುದನ್ನು ಸುಮ್ಮನೆ ಸೇರಿಸಿಲ್ಲ: ಕಾಡತೂಸಿನೊಳಗಿನ ಸಣ್ಣ ಗುಂಡುಗಳಾದ ಛರ‍್ರೆಗಳು ಸೀಸದವು, ಸಿಡಿಮದ್ದಿನ ಟೋಪಿಯಲ್ಲಿಯೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ, ಮತ್ತು ಸೀಸದ ಧೂಳು ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡಕು. ಬಂದೂಕು ಉಜ್ಜಿದ ಅರಿವೆಯನ್ನು ಅಡಿಗೆಮನೆಗೆ ತರಬೇಡಿ, ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಉಜ್ಜುವ ಕೆಲಸವನ್ನು ಮಕ್ಕಳು ಶಾಲೆಗೆ ಹೋದಾಗಲೇ ಮುಗಿಸುವುದು ಒಳ್ಳೆಯದು.

ಇಡುವ ವ್ಯವಸ್ಥೆಗೆ ನಿಮ್ಮ ಮುಂದೆ ಕೆಲವು ದಾರಿಗಳಿವೆ, ಪ್ರತಿಯೊಂದಕ್ಕೂ ಅದರದರ ತೊಡಕಿದೆ. ಅತ್ಯಂತ ಕಡಿಮೆ ಖರ್ಚಿನದು ಈಗಿರುವ ಸ್ಟೀಲ್ ಅಲ್ಮಾರಿಯನ್ನೇ ಬಳಸುವುದು. ಕಳಚಿದ ಬಂದೂಕಿನ ಅತಿ ಉದ್ದದ ಭಾಗ ಸಾಮಾನ್ಯವಾಗಿ 30 ಇಂಚಿನ ಆಸುಪಾಸಿನ ನಳಿಕೆ. ಅದು ಅಲ್ಮಾರಿಯೊಳಗೆ ಮಲಗುತ್ತದೆ. ಆದರೆ ನಮ್ಮ ಮನೆಗಳ ಅಲ್ಮಾರಿ ದಿನಕ್ಕೆ ಹತ್ತು ಸಲ ತೆರೆಯುವಂಥದು, ಕೀಲಿಕೈ ಬಾಗಿಲಲ್ಲೇ ತೂಗಾಡುತ್ತಿರುತ್ತದೆ ಅಥವಾ ದೇವರ ಗೂಡಿನ ಬಳಿಯ ಮೊಳೆಯಲ್ಲಿರುತ್ತದೆ. ಬಟ್ಟೆ, ಒಡವೆ, ಕಾಗದಪತ್ರದ ಜೊತೆ ಬಂದೂಕು ಇರುವವರೆಗೆ ಅದು ಬೀಗ ಹಾಕಿದ ಬಂದೂಕಲ್ಲ. ಅಲ್ಮಾರಿಯ ಒಳಗಿನ ಲಾಕರಿಗೆ ಪ್ರತ್ಯೇಕ ಕೀಲಿಕೈ ಇದ್ದರೆ ಅದರಲ್ಲಿ ಕಾಡತೂಸುಗಳನ್ನಷ್ಟೇ ಇಡಬಹುದು.

ನಾನು ಸೂಚಿಸುವುದು ಬೇರೆಯೇ ಒಂದು ಕಬ್ಬಿಣದ ಪೆಟ್ಟಿಗೆಯನ್ನು. ಕಪಾಟು, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ಕಳಚಿದ ಬಂದೂಕಿಗೆ ಮೂರು ಅಡಿ ಉದ್ದ ಸಾಕು. ತಗಡು ಕೈಯಲ್ಲಿ ಒತ್ತಿದರೆ ಬಗ್ಗದಷ್ಟು ದಪ್ಪವಿರಲಿ, ಕೀಲುಗಳು ಒಳಗಡೆ ಇರಲಿ, ಬಾಗಿಲಿನ ಸಂದಿಯಲ್ಲಿ ಮಗುವಿನ ಬೆರಳು ಹೋಗದಿರಲಿ. ಗೋಡೆಗೆ ಆಂಕರ್ ಬೋಲ್ಟಿನಿಂದ ಬಿಗಿಯದಿದ್ದರೆ ಕಳ್ಳ ಪೆಟ್ಟಿಗೆಯ ಸಮೇತ ಹೊತ್ತೊಯ್ಯುತ್ತಾನೆ. ಬಾಡಿಗೆ ಮನೆಯಾದ್ದರಿಂದ ಮಾಲೀಕರಿಗೆ ತಿಳಿಸಿ ಬಿಗಿಸಿ, ಖಾಲಿ ಮಾಡುವಾಗ ಸಿಮೆಂಟು ಮೆತ್ತಿಕೊಡುವುದಾಗಿ ಹೇಳಿದರೆ ಬೇಡವೆನ್ನುವವರು ವಿರಳ. ಪೆಟ್ಟಿಗೆಯಲ್ಲಿ ಬಂದೂಕು, ಅಲ್ಮಾರಿಯ ಲಾಕರಿನಲ್ಲಿ ಕಾಡತೂಸು, ಎರಡಕ್ಕೂ ಬೇರೆ ಬೇರೆ ಕೀಲಿಕೈ. ಆ ಎರಡೂ ಕೀಲಿಕೈಗಳು ಯಜಮಾನರ ಮೈಮೇಲೆ ಇರಬೇಕು, ನಿಮ್ಮ ಸೊಂಟದ ಗೊಂಚಲಿನಲ್ಲಿ ಅಲ್ಲ. ನಿಮ್ಮ ಮೇಲೆ ಅಪನಂಬಿಕೆಯಿಂದ ಹೀಗೆ ಹೇಳುತ್ತಿಲ್ಲ. ಪರವಾನಗಿ ಇರುವುದು ಅವರ ಹೆಸರಿನಲ್ಲಿ, ಮತ್ತು ಅಮ್ಮನ ಗೊಂಚಲಿನ ಪ್ರತಿಯೊಂದು ಕೀಲಿಕೈಯೂ ಯಾವ ಬೀಗದ್ದೆಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಅಂಕಿಯ ಬೀಗ ಹಾಕಿಸಿದರೆ ಮಕ್ಕಳ ಹುಟ್ಟಿದ ವರ್ಷವನ್ನೋ ಬೈಕಿನ ನಂಬರನ್ನೋ ಇಡಬೇಡಿ.

ಟ್ರಿಗರಿಗೆ ಹಾಕುವ ಬೀಗಗಳೂ, ನಳಿಕೆಯ ಮೂಲಕ ಹಾಯಿಸುವ ಕೇಬಲ್ ಬೀಗಗಳೂ ಸಿಗುತ್ತವೆ. ಪ್ರಯಾಣದಲ್ಲಿ ಅವು ಉಪಯುಕ್ತ, ಪೆಟ್ಟಿಗೆಯ ಬದಲಿಗೆ ಅಲ್ಲ. ತುಂಬಿದ ಬಂದೂಕಿಗೆ ಟ್ರಿಗರ್ ಬೀಗ ಹಾಕಲು ಹೋದವರು ಆ ಬೀಗದಿಂದಲೇ ಟ್ರಿಗರನ್ನು ಒತ್ತುವ ಸಂಭವವಿದೆ.

ಬೀಗ, ಖಾಲಿ ನಳಿಕೆ, ಬೇರೆಯಾಗಿಟ್ಟ ಕಾಡತೂಸು, ಅದಕ್ಕೂ ಬೀಗ ಎಂಬ ಈ ನಾಲ್ಕು ಕ್ರಮಗಳು ಒಂದೊಂದೂ ತಮ್ಮಷ್ಟಕ್ಕೇ ಮಕ್ಕಳ ಗಾಯ ಮತ್ತು ಸಾವುಗಳನ್ನು ಕಡಿಮೆ ಮಾಡುವುದಕ್ಕೆ ಸಂಬಂಧಿಸಿವೆ ಎಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಆ ಅಧ್ಯಯನ ಆಕಸ್ಮಿಕಗಳನ್ನಷ್ಟೇ ಅಲ್ಲ, ಹದಿಹರೆಯದವರ ಆತ್ಮಹತ್ಯೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ನಿಮ್ಮ ಮಗನಿಗೆ ಈಗ ಏಳು. ಇನ್ನು ಏಳೆಂಟು ವರ್ಷದಲ್ಲಿ ಪರೀಕ್ಷೆ, ಜಗಳ, ಅವಮಾನಗಳ ವಯಸ್ಸು ಬರುತ್ತದೆ. ದೊಡ್ಡವರಿಗೂ ಸಾಲ, ಕಾಯಿಲೆ, ಕುಡಿತಗಳ ಕೆಟ್ಟ ರಾತ್ರಿಗಳಿರುತ್ತವೆ. ಅಂಥ ಗಳಿಗೆಗಳು ಹೆಚ್ಚಾಗಿ ಹಾದುಹೋಗುವಂಥವು, ಬೀಗ ಆ ಸ್ವಲ್ಪ ಸಮಯವನ್ನು ಕೊಡುತ್ತದೆ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದವರಿದ್ದರೆ ಬಂದೂಕು ಮನೆಯಿಂದಲೇ ಹೊರಗೆ ಹೋಗಬೇಕು.

ಬಂದೂಕನ್ನು ಬ್ಯಾಂಕಿನಲ್ಲೇ ಇಟ್ಟು ಬರಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮಕ್ಕಳ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಪರವಾನಗಿಯಿಲ್ಲದ ಇನ್ನೊಬ್ಬರ ವಶಕ್ಕೆ ಅದನ್ನು ಒಪ್ಪಿಸುವಂತಿಲ್ಲ. ಆದ್ದರಿಂದ ಶಾಖೆಯ ವ್ಯವಸ್ಥಾಪಕರು ಒಪ್ಪಿ, ಯಜಮಾನರೊಬ್ಬರ ಬಳಿಯೇ ಕೀಲಿಕೈ ಇರುವ ಪೆಟ್ಟಿಗೆಗೆ ಜಾಗ ಕೊಡುವುದಾದರೆ, ಪರವಾನಗಿ ಪುಸ್ತಿಕೆಯಲ್ಲಿ ಯಾವ ಅಧಿಕಾರಿಯ ಸಹಿ ಇದೆಯೋ ಅವರ ಕಚೇರಿಗೆ ಅರ್ಜಿ ಬರೆದು, ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಹಾಗೆ ಮಾಡಬೇಕು. ಹೇಗೂ ಪರವಾನಗಿ ಪಡೆಯುವಾಗ ಆಯುಧವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಅವರು ಲಿಖಿತ ಭರವಸೆ ಕೊಟ್ಟಿರುತ್ತಾರೆ. ಈಗ ಅಲ್ಮಾರಿಯ ಮೇಲಿಡುವುದು ಆ ಭರವಸೆಗೂ ಹೊಂದುವುದಿಲ್ಲ. ನಿರ್ಲಕ್ಷ್ಯದಿಂದ ಒಂದು ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ತನ್ನ ಮಗುವನ್ನೇ ಕಳೆದುಕೊಂಡ ತಂದೆಗೆ ಅದು ದೊಡ್ಡ ಶಿಕ್ಷೆಯೆನಿಸಲಿಕ್ಕಿಲ್ಲ.

ಊರಿನ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಬೇಕಾಗಿದೆ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ವ್ಯಕ್ತಿಗೆ ಸಿಕ್ಕಿರುವುದು, ಮನೆತನಕ್ಕಲ್ಲ. ಮಗನ ಬಂದೂಕನ್ನು ತಂದೆ ಒಬ್ಬರೇ ರಾತ್ರಿ ಹೊಲಕ್ಕೆ ಒಯ್ದರೆ ಅದು ಪರವಾನಗಿಯಿಲ್ಲದೆ ಆಯುಧ ಹೊಂದಿದ ಅಪರಾಧವಾಗುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಎರಡು ವರ್ಷದ ಸೆರೆವಾಸವಿದೆ. ಹಂದಿಯ ಕಾಟ ನಿಜ, ಬೆಳೆದು ನಿಂತ ತೊಗರಿ ಒಂದೇ ರಾತ್ರಿಯಲ್ಲಿ ಹಾಳಾಗುವ ಸಂಕಟವನ್ನು ನಾನೂ ಬಲ್ಲೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡುಪ್ರಾಣಿಗೆ ಗುಂಡು ಹಾರಿಸುವಂತಿಲ್ಲ, ಕತ್ತಲಲ್ಲಿ ಹಾರಿಸಿದ ಗುಂಡು ಹಂದಿಗೇ ತಾಗುತ್ತದೆಂಬ ಭರವಸೆಯೂ ಇಲ್ಲ. ಪಕ್ಕದ ಹೊಲದಲ್ಲಿ ಕಾವಲಿಗೆ ಮಲಗಿದವರಿರುತ್ತಾರೆ. ಮಾವನವರಿಗೆ ಬೆಳೆ ಕಾಯಲು ಬಂದೂಕೇ ಬೇಕೆಂದಿದ್ದರೆ ಅವರ ಹೆಸರಿನಲ್ಲೇ ಅರ್ಜಿ ಹಾಕಲಿ. ಬೆಳೆ ಹಾನಿಗೆ ಪರಿಹಾರ ಕೇಳುವ ಅರ್ಜಿಯನ್ನು ಅರಣ್ಯ ಇಲಾಖೆಯಲ್ಲಿ ಕೊಡಲಿ, ಸೌರ ಬೇಲಿಯ ಬಗ್ಗೆಯೂ ಅಲ್ಲಿಯೇ ವಿಚಾರಿಸಲಿ.

ಖಂಡೆ ಪೂಜೆಯ ದಿನ ಬಂದೂಕನ್ನು ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುವ ಪದ್ಧತಿ ನಿಮ್ಮ ಊರಲ್ಲೂ ಇರಬಹುದು. ಪೂಜೆ ಆಗಲಿ, ನಳಿಕೆಯನ್ನು ಬಗ್ಗಿಸಿ ತೆರೆದೇ ಇಟ್ಟು, ಒಂದು ಕಾಡತೂಸೂ ಆ ಕೋಣೆಯಲ್ಲಿಲ್ಲದಂತೆ ನೋಡಿಕೊಂಡು, ಮಂಗಳಾರತಿಯಾದೊಡನೆ ಪೆಟ್ಟಿಗೆಗೆ ಸೇರಿಸಬೇಕು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತರುವುದು ಈಗ ಪ್ರತ್ಯೇಕ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹನ್ನೆರಡು ಬೋರಿನ ಸದ್ದು 150 ಡೆಸಿಬಲ್ ಮೀರಬಲ್ಲದು. ಮಕ್ಕಳ ಕಿವಿಗೆ 120 ಡೆಸಿಬಲ್‌ಗಿಂತ ಹೆಚ್ಚಿನ ಹಠಾತ್ ಸದ್ದು ಬೀಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ರೂಢಿಯನ್ನು ಇಂದೇ ನಿಲ್ಲಿಸಿ: ಹಾರಿಸಿದ ಕಾಡತೂಸಿನ ಖಾಲಿ ಕೊಳವೆಯನ್ನು ಮಕ್ಕಳಿಗೆ ಆಡಲು ಕೊಡುವುದು. ಬಣ್ಣದ ಪ್ಲಾಸ್ಟಿಕ್ ಮೈ, ಹೊಳೆಯುವ ಹಿತ್ತಾಳೆ ಬುಡ, ಬಾಯಿಗಿಟ್ಟು ಊದಿದರೆ ಸೀಟಿಯ ಸದ್ದು, ಮಕ್ಕಳಿಗೆ ಬಲು ಇಷ್ಟ. ಖಾಲಿ ಕೊಳವೆಯೊಡನೆ ಆಡಿ ಬೆಳೆದ ಮಗು ನಾಳೆ ತುಂಬಿದ ಕಾಡತೂಸು ಸಿಕ್ಕರೆ ಅದನ್ನೂ ಹಾಗೆಯೇ ಕಲ್ಲಿಗೆ ಕುಟ್ಟುತ್ತದೆ.

ಮಕ್ಕಳಿಗೆ ಹೇಳಬೇಕಾದ ಮಾತು ಚಿಕ್ಕದಾಗಿರಲಿ: ಬಂದೂಕೋ ಕಾಡತೂಸೋ ಎಲ್ಲಾದರೂ ಕಂಡರೆ, ನಮ್ಮ ಮನೆಯಲ್ಲಿರಲಿ ಬೇರೆಯವರ ಮನೆಯಲ್ಲಿರಲಿ, ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು, ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಒಂದು ವೇಳೆ ಮಗುವಿನ ಕೈಯಲ್ಲಿ ಬಂದೂಕು ಕಂಡರೆ ಕೂಗಬೇಡಿ, ಓಡಿಹೋಗಿ ಕಸಿದುಕೊಳ್ಳಬೇಡಿ. ಬೆಚ್ಚಿದ ಮಗು ಮುಷ್ಟಿಯನ್ನು ಬಿಗಿ ಮಾಡುತ್ತದೆ, ಆ ಮುಷ್ಟಿಯಲ್ಲಿ ಟ್ರಿಗರ್ ಇರಬಹುದು. ನಳಿಕೆಯ ಎದುರಿನಿಂದ ನೀವೂ ಸರಿದು, ಬೇರೆ ಮಕ್ಕಳನ್ನೂ ಸರಿಸಿ, ದಿನದ ದನಿಯಲ್ಲೇ ಹೆಸರು ಹಿಡಿದು ಕರೆದು, ಕೆಳಗಿಟ್ಟು ನನ್ನ ಹತ್ತಿರ ಬಾ ಎಂದು ಹೇಳಿ. ಮಗು ಬಂದ ಮೇಲೆ ಬಾಗಿಲು ಹಾಕಿ ಯಜಮಾನರನ್ನು ಕರೆಯಿರಿ, ನೀವು ಬಂದೂಕು ಮುಟ್ಟಬೇಡಿ.

ಯಜಮಾನರೊಡನೆ ಈ ಮಾತನ್ನು ಅವರ ಕೈಯ ಮೇಲಿನ ಅನುಮಾನವಾಗಿ ಎತ್ತಬೇಡಿ. ಕೋತಿನಲ್ಲಿ ಏನೇನು ನಿಯಮಗಳಿದ್ದವು, ಬೀಗ ಯಾರ ಬಳಿ ಇರುತ್ತಿತ್ತು, ಗುಂಡು ಎಲ್ಲಿರುತ್ತಿತ್ತು ಎಂದು ಅವರನ್ನೇ ಕೇಳಿ, ಅದನ್ನೇ ಇಲ್ಲಿ ಹೇಗೆ ಮಾಡಬಹುದೆಂದು ಅವರೇ ಯೋಚಿಸಲಿ. ಪೆಟ್ಟಿಗೆಯ ಅಳತೆಯನ್ನು ವೆಲ್ಡಿಂಗ್ ಅಂಗಡಿಗೆ ಅವರೇ ಕೊಡಲಿ. ಪೆಟ್ಟಿಗೆ ಸಿದ್ಧವಾಗುವವರೆಗೆ ಇಂದು ರಾತ್ರಿಯಿಂದಲೇ ಬಂದೂಕನ್ನು ಕಳಚಿ, ನಳಿಕೆಯನ್ನು ಅಲ್ಮಾರಿಯೊಳಗೂ ಹಿಡಿಕೆಯನ್ನು ಬೀಗವಿರುವ ಟ್ರಂಕಿನಲ್ಲಿಯೂ ಇಟ್ಟು, ಕಾಡತೂಸುಗಳನ್ನು ಲಾಕರಿಗೆ ಹಾಕಿ ಮೂರು ಕೀಲಿಕೈಗಳನ್ನೂ ಅವರ ಬಳಿ ಇಟ್ಟುಕೊಳ್ಳಲಿ. ಬರುವ ಸೂಟಿಗೆ ಊರಿಗೆ ಹೊರಡುವ ಮುಂಚೆ ಬಂದೂಕನ್ನೂ ಕಾಡತೂಸುಗಳನ್ನೂ ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಬಳಿ ಅಥವಾ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವ ಬಗ್ಗೆ ವಿಚಾರಿಸಲಿ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿ ಅಭ್ಯಾಸವಿದ್ದವರಿಗೆ ಇದು ಹೊಸದಲ್ಲ. ರಶೀದಿಯಲ್ಲಿ ಬಂದೂಕಿನ ನಂಬರು ಮತ್ತು ಕಾಡತೂಸುಗಳ ಎಣಿಕೆ ಸರಿಯಾಗಿ ನಮೂದಾಗಿದೆಯೇ ಎಂದು ಅಲ್ಲಿಯೇ ನೋಡಿಕೊಂಡು, ಅದನ್ನು ಪರವಾನಗಿ ಪುಸ್ತಿಕೆಯ ಜೊತೆಗೆ ಇಟ್ಟುಕೊಳ್ಳಬೇಕು.